ಫೋಟೋಅಕೌಸ್ಟಿಕ್, ಫೋಟೋಥರ್ಮಲ್ ಸಂಶೋಧನೆಗೆ ಯಾವ ಪ್ರಶಸ್ತಿ? ಅರ್ಜಿ ಹಾಕುವ ಮೊದಲು ಓದಿ

ಪಿಎಚ್‌ಡಿ ಕೊನೆಯ ಹಂತಕ್ಕೆ ಬಂದವರಿಗೂ, ಸ್ವಂತ ಲ್ಯಾಬ್ ಶುರುಮಾಡಿ ನಾಲ್ಕೈದು ವರ್ಷ ಆದವರಿಗೂ ಒಂದೇ ಗೊಂದಲ. ಪ್ರಶಸ್ತಿಗಳ ಪಟ್ಟಿ ಉದ್ದ ಇದೆ. ಯಾವುದಕ್ಕೆ ಅರ್ಜಿ ಹಾಕಬೇಕು? ಯಾವುದಕ್ಕೆ ಯಾರ ಹತ್ತಿರ ಹೋಗಿ ನಾಮಿನೇಷನ್ ಕೇಳಬೇಕು? ಫೋಟೋಅಕೌಸ್ಟಿಕ್ಸ್, ಅಂದರೆ ಬೆಳಕಿನಿಂದ ಸದ್ದು ಹುಟ್ಟಿಸಿ ಅಳೆಯುವ ಕ್ಷೇತ್ರದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಭೌತಶಾಸ್ತ್ರದವರು ಇದನ್ನು ಅಳತೆಯ ವಿಧಾನ ಅನ್ನುತ್ತಾರೆ. ರಸಾಯನಶಾಸ್ತ್ರದವರಿಗೆ ಇದು ಸ್ಪೆಕ್ಟ್ರೋಸ್ಕೋಪಿ, ಅಂದರೆ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡಿ ವಸ್ತುವನ್ನು ಗುರುತಿಸುವುದು. ಡಾಕ್ಟರುಗಳಿಗೆ ಇದೊಂದು ಸ್ಕ್ಯಾನ್. ಒಂದೇ ಕೆಲಸವನ್ನು ಮೂರು ಕಡೆ ಮೂರು ರೀತಿ ಅಳೆಯುತ್ತಾರೆ. ಹಾಗಾಗಿ ಪ್ರಶಸ್ತಿಯ ಹೆಸರು ಎಷ್ಟು ದೊಡ್ಡದು ಅಂತ ನೋಡುವುದಕ್ಕಿಂತ, ಅದು ಕೆಲಸದ ಯಾವ ಭಾಗಕ್ಕೆ ಕೊಡುವ ಗೌರವ ಅಂತ ಮೊದಲು ನೋಡಬೇಕು.

ವಿಷಯ ಹೊಸದಾಗಿರುವವರಿಗೆ ಎರಡು ಮಾತು. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್ ತೂತುಗಳಿದ್ದ ಒಂದು ಚಕ್ರವನ್ನು ತಿರುಗಿಸಿ, ಬಿಸಿಲನ್ನು ತುಂಡು ತುಂಡು ಮಾಡಿ ತೆಳುವಾದ ಬಿಲ್ಲೆಯ ಮೇಲೆ ಬೀಳಿಸಿದರು. ಕೊಳವೆಯೊಂದರ ತುದಿಯನ್ನು ಕಿವಿಗೆ ಹಿಡಿದರೆ ಬಿಲ್ಲೆಯಿಂದ ಸ್ವರ ಕೇಳಿಸಿತು. ಬೆಳಕನ್ನು ಹೀರಿದ ವಸ್ತು ಬಿಸಿಯಾಗುತ್ತದೆ. ಆ ಬಿಸಿಗೆ ವಸ್ತುವೂ ಅದಕ್ಕೆ ತಾಗಿದ ಗಾಳಿಯೂ ಹಿಗ್ಗಿ ಕುಗ್ಗುತ್ತವೆ. ಆ ಅಲುಗಾಟವೇ ನಮಗೆ ಕೇಳುವ ಸದ್ದು.

ಇವತ್ತು ಬಿಸಿಲಿನ ಜಾಗಕ್ಕೆ ನ್ಯಾನೋಸೆಕೆಂಡಿನ ಲೇಸರ್ ಮಿಂಚು ಬಂದಿದೆ. ಕಿವಿಯ ಜಾಗಕ್ಕೆ ಅಲ್ಟ್ರಾಸೌಂಡ್ ಸೆನ್ಸರ್ ಬಂದಿದೆ. ಅಂಗಾಂಶದ ಬಿಸಿ ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಭಾಗ ಏರಿದರೆ ಸಾಕು, ಸುಮಾರು 800 ಪಾಸ್ಕಲ್ ಒತ್ತಡ ಹುಟ್ಟುತ್ತದೆ. ಅಷ್ಟನ್ನು ಸೆನ್ಸರ್ ಸುಲಭವಾಗಿ ಹಿಡಿಯುತ್ತದೆ. ಬೆಳಕು ಮಾಂಸದೊಳಗೆ ಒಂದು ಮಿಲಿಮೀಟರ್ ಹೋಗುವಷ್ಟರಲ್ಲಿ ಚೆದುರಿಹೋಗುತ್ತದೆ. ಆದರೆ ಅಲ್ಟ್ರಾಸೌಂಡ್ ಅಷ್ಟು ಚೆದುರುವುದಿಲ್ಲ. ಅದಕ್ಕೇ ಕೆಲವು ಸೆಂಟಿಮೀಟರ್ ಆಳದ ರಕ್ತನಾಳವೂ ಚಿತ್ರದಲ್ಲಿ ಸಿಗುತ್ತದೆ. ಫೋಟೋಥರ್ಮಲ್ ಅಂದರೆ ಸದ್ದಿನ ತನಕ ಹೋಗದೆ ಬಿಸಿಯನ್ನೇ ಹಿಡಿಯುವುದು. ಆ ಬಿಸಿ ಇನ್ನೊಂದು ಲೇಸರ್ ಕಿರಣವನ್ನು ಎಷ್ಟು ಬಾಗಿಸಿತು ಅಂತ ಅಳೆಯಬಹುದು. ಅಥವಾ ಚಿನ್ನದ ನ್ಯಾನೋಕಣಗಳನ್ನು ಗಡ್ಡೆಯೊಳಗೆ ಬಿಸಿಮಾಡಿ ಕ್ಯಾನ್ಸರ್ ಕೋಶಗಳನ್ನು ಸುಡಬಹುದು.

ದೊಡ್ಡ ಪ್ರಶಸ್ತಿಯ ಬರಹದಲ್ಲಿ ಈ ವಿಷಯದ ಹೆಸರೇ ಇರುವುದಿಲ್ಲ

ಈ ಕ್ಷೇತ್ರದ ಇತಿಹಾಸ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಬೆಲ್ ಅವರಿಗೆ ಅದೇ 1880ರಲ್ಲಿ ಫ್ರಾನ್ಸ್ ಸರ್ಕಾರದ ವೋಲ್ಟಾ ಪ್ರಶಸ್ತಿ ಬಂತು, 50,000 ಫ್ರಾಂಕ್. ಅದು ಟೆಲಿಫೋನಿಗೆ ಬಂದದ್ದು. ಬೆಳಕಿನಿಂದ ಸದ್ದು ಮಾಡಿಸಿದ್ದನ್ನು ಟೆಲಿಫೋನಿಗಿಂತ ದೊಡ್ಡದು ಅಂತ ಬೆಲ್ ತಾವೇ ಭಾವಿಸಿದ್ದರು. ಆದರೂ ಪ್ರಶಸ್ತಿ ಅದಕ್ಕಲ್ಲ. ಆ ಹಣದಲ್ಲಿ ಅವರು ವಾಷಿಂಗ್ಟನ್‌ನಲ್ಲಿ ವೋಲ್ಟಾ ಲ್ಯಾಬೊರೇಟರಿ ಕಟ್ಟಿದರು.

ಮರುವರ್ಷ, 1881ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಅನಿಲಗಳ ಮೇಲೆ ಬಿಟ್ಟು ಬಿಟ್ಟು ಬೆಳಕು ಹಾಯಿಸಿ ಸದ್ದು ಹುಟ್ಟಿಸಿದರು. ಇಪ್ಪತ್ತು ವರ್ಷ ಆದಮೇಲೆ, 1901ರಲ್ಲಿ, ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೆ ಬಂತು. ಅದು ಎಕ್ಸ್‌ರೇಗೆ. ರಾಬರ್ಟ್ ಕರ್ಲ್ ಅವರಿಗೆ 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಇಂಗಾಲದ ಫುಲರೀನ್‌ಗಳಿಗೆ. ಅದಾದ ಮೇಲೆ, 2002ರಲ್ಲಿ, ಅವರು ರೈಸ್ ವಿಶ್ವವಿದ್ಯಾಲಯದ ಫ್ರಾಂಕ್ ಟಿಟೆಲ್ ತಂಡದ ಜೊತೆ ಸೇರಿ ಒಂದು ಸೊಗಸಾದ ಕೆಲಸ ಮಾಡಿದರು. ಕೈಗಡಿಯಾರದೊಳಗೆ ಇರುತ್ತದಲ್ಲ, ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಕ್ವಾರ್ಟ್ಜ್ ಕವೆ? ಅದನ್ನೇ ಮೈಕ್ರೋಫೋನಿನ ಬದಲು ಇಟ್ಟರು. ಕವೆಯ ಎರಡು ಕಡ್ಡಿಗಳ ನಡುವಿನ ಸಂದಿಯಲ್ಲಿ ಲೇಸರ್ ಹಾಯಿಸಿದರು. ಅಲ್ಲಿರುವ ಅನಿಲ ಬೆಳಕನ್ನು ಹೀರಿ ಸದ್ದು ಮಾಡಿದರೆ ಕವೆ ಕಂಪಿಸುತ್ತದೆ. ಹೊರಗಿನ ಗದ್ದಲಕ್ಕೆ ಎರಡು ಕಡ್ಡಿಗಳೂ ಒಟ್ಟಿಗೆ ಒಂದೇ ಕಡೆ ತೂಗುತ್ತವೆ, ಅದು ಲೆಕ್ಕಕ್ಕೇ ಬರುವುದಿಲ್ಲ. ಕಡಿಮೆ ಬೆಲೆಯ ವಸ್ತುವಿನಿಂದ ಅಷ್ಟು ಸೂಕ್ಷ್ಮವಾದ ಅನಿಲ ಪತ್ತೆ! ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಉಪಾಯಗಳಲ್ಲಿ ಇದೂ ಒಂದು.

ನಮ್ಮ ಕಡೆಯವರದ್ದೇ ಇನ್ನೊಂದು ಉದಾಹರಣೆ ಸಿ. ಕೆ. ಎನ್. ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದವರು. 1970ರ ದಶಕದ ಶುರುವಿನಲ್ಲಿ ಗಾಳಿಯಲ್ಲಿರುವ ನೈಟ್ರಿಕ್ ಆಕ್ಸೈಡನ್ನು ಈ ವಿಧಾನದಲ್ಲೇ ಪತ್ತೆಹಚ್ಚಿ, ಇದು ಮಾಲಿನ್ಯ ಅಳೆಯುವ ಸಾಧನವೂ ಆಗಬಲ್ಲದು ಅಂತ ತೋರಿಸಿದರು. 1989ರಲ್ಲಿ ಐಇಇಇ ಮೆಡಲ್ ಆಫ್ ಆನರ್, 1996ರಲ್ಲಿ ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಅವರಿಗೆ ಸಿಕ್ಕವು. ಜಗತ್ತು ಅವರನ್ನು ನೆನೆಯುವುದು ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದವರು ಅಂತ.

ಇಷ್ಟು ಹೇಳಿದ್ದರ ಅರ್ಥ ಇಷ್ಟೇ. ಪ್ರಶಸ್ತಿ ದೊಡ್ಡದಾದಷ್ಟೂ ತೀರ್ಪುಗಾರರು ನಿಮ್ಮ ವಿಧಾನದಿಂದ ದೂರ ಇರುತ್ತಾರೆ. ಅವರು ಫಲ ನೋಡುತ್ತಾರೆ, ವಿಧಾನವನ್ನಲ್ಲ. ವಿಧಾನವನ್ನೇ ಮೆಚ್ಚಿ ಕೊಡುವ ಪ್ರಶಸ್ತಿ ಬೇಕಾದರೆ ಈ ಕ್ಷೇತ್ರದವರದ್ದೇ ಸಂಘದ ಕಡೆ ನೋಡಬೇಕು.

ಕ್ಷೇತ್ರದವರೇ ಕೊಡುವುದು

ಅಂತಾರಾಷ್ಟ್ರೀಯ ಫೋಟೋಅಕೌಸ್ಟಿಕ್ ಮತ್ತು ಫೋಟೋಥರ್ಮಲ್ ಸಂಘಕ್ಕೆ ಎಲ್ಲರೂ ಐಪಿಪಿಎ ಅನ್ನುತ್ತಾರೆ. ಇದರ ಪ್ರಶಸ್ತಿಗಳಲ್ಲಿ ಮುಖ್ಯವಾದವು ಸೀನಿಯರ್ ಪ್ರೈಜ್ ಮತ್ತು ಜೂನಿಯರ್ ಪ್ರೈಜ್. ಇವುಗಳ ಜಾಗ ಐಸಿಪಿಪಿಪಿ ಅನ್ನುವ, ಈ ಕ್ಷೇತ್ರದ್ದೇ ಅಂತಾರಾಷ್ಟ್ರೀಯ ಸಮ್ಮೇಳನ. 2015ರಲ್ಲಿ ಸರ್ಬಿಯಾದ ನೋವಿ ಸಾದ್, 2017ರಲ್ಲಿ ಸ್ಪೇನಿನ ಬಿಲ್ಬಾವೊ, 2019ರಲ್ಲಿ ಮಾಸ್ಕೋ, 2022ರಲ್ಲಿ ಸ್ಲೊವೇನಿಯಾದ ಬ್ಲೆಡ್, 2024ರಲ್ಲಿ ಪೋರ್ಚುಗಲ್‌ನ ಕೊಯಿಂಬ್ರಾ. ಹೀಗೆ ಸುಮಾರು ಎರಡು ವರ್ಷಕ್ಕೊಮ್ಮೆ ಊರೂರು ಸುತ್ತುವ ಸಮ್ಮೇಳನ ಇದು.

ಸೀನಿಯರ್ ಪ್ರೈಜ್ ಪಡೆದ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದರ ಹರವು ಗೊತ್ತಾಗುತ್ತದೆ. ಒಬ್ಬರು ಟೊರಾಂಟೊದ ಆಂಡ್ರಿಯಾಸ್ ಮಂಡೆಲಿಸ್. ಬಿಸಿಯ ಅಲೆಗಳನ್ನು ಅಳೆಯುವುದೇ ಅವರ ಜೀವಮಾನದ ಕೆಲಸ. ಅರೆವಾಹಕದ ಬಿಲ್ಲೆಯಿಂದ ಹಿಡಿದು ಹಲ್ಲಿನ ಹುಳುಕಿನ ತನಕ ಅದನ್ನು ಬಳಸಿದ್ದಾರೆ. ಇನ್ನೊಬ್ಬರು ಕ್ಯಾಲ್‌ಟೆಕ್‌ನ ಲಿಹಾಂಗ್ ವಾಂಗ್. 2003ರಲ್ಲಿ ಅವರ ತಂಡ ಜೀವಂತ ಇಲಿಯ ಮಿದುಳನ್ನು ಚರ್ಮ, ತಲೆಬುರುಡೆ ತೆರೆಯದೆ ಈ ವಿಧಾನದಲ್ಲಿ ಚಿತ್ರಿಸಿತು. ಅಲ್ಲಿಂದ ವೈದ್ಯಕೀಯದ ಕಡೆ ಈ ಕ್ಷೇತ್ರದ ಓಟ ಜೋರಾಯಿತು. ಮಂಡೆಲಿಸ್ ಕೆಲಸ ಒಂದು ತುದಿ, ವಾಂಗ್ ಕೆಲಸ ಇನ್ನೊಂದು ತುದಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲವರು ಈ ಸಂಘದ ತೀರ್ಪುಗಾರರು ಮಾತ್ರ.

ಐಪಿಪಿಎ ಪ್ರಶಸ್ತಿಯ ಬಲ ಅಲ್ಲೇ ಇದೆ. ನೀವು ಥರ್ಮಲ್ ಲೆನ್ಸ್ (ಲೇಸರಿನಿಂದ ಬಿಸಿಯಾದ ಜಾಗ ಲೆನ್ಸಿನಂತೆ ಬೆಳಕನ್ನು ಬಾಗಿಸುವುದನ್ನು ಅಳೆಯುವ ವಿಧಾನ) ಸೂಕ್ಷ್ಮತೆಯನ್ನು ಹತ್ತು ಪಟ್ಟು ಹೆಚ್ಚಿಸಿದ್ದರೆ ಅದು ಎಷ್ಟು ಕಷ್ಟದ ಕೆಲಸ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘನವಸ್ತು ಬೆಳಕು ಹೀರಿದಾಗ ಸದ್ದು ಹೇಗೆ ಹುಟ್ಟುತ್ತದೆ ಅಂತ ವಿವರಿಸುವ 1976ರ ರೋಸೆನ್‌ಕ್ವೈಗ್ ಮತ್ತು ಗೆರ್ಶೋ ಸಿದ್ಧಾಂತದಲ್ಲಿ ಒಂದು ಮಿತಿ ಕಂಡು ಅದನ್ನು ನೀವು ಸರಿಪಡಿಸಿದ್ದರೆ, ಆ ಕೋಣೆಯಲ್ಲಿ ಕೂತವರೆಲ್ಲ ಆ ಸಿದ್ಧಾಂತ ಓದಿಯೇ ಬಂದಿರುತ್ತಾರೆ. ಬಲಹೀನತೆಯೂ ಅದೇ. ನಿಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಐಪಿಪಿಎ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಬಡ್ತಿಯ ಫೈಲಿನಲ್ಲಿ ಪ್ರಶಸ್ತಿಯ ಹೆಸರಿನ ಜೊತೆ ಒಂದು ಸಾಲಿನ ವಿವರಣೆ ಸೇರಿಸಲೇಬೇಕು.

ನನ್ನ ಅಭಿಪ್ರಾಯ ಸ್ಪಷ್ಟ. ಉಪಕರಣ ಕಟ್ಟುವವರು, ಸಿದ್ಧಾಂತ ಬರೆಯುವವರು, ಹೊಸ ಅಳತೆಯ ವಿಧಾನ ತರುವವರು ಮೊದಲು ಇಲ್ಲಿಗೇ ಹೋಗಬೇಕು. ಬೇರೆಲ್ಲೂ ಅವರ ಕೆಲಸವನ್ನು ಇಷ್ಟು ಹತ್ತಿರದಿಂದ ಓದುವವರು ಸಿಗುವುದಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಬಾಗಿಲು ಅಮೆರಿಕನ್ ಫಿಸಿಕಲ್ ಸೊಸೈಟಿಯ ಜೋಸೆಫ್ ಕೀತ್ಲಿ ಪ್ರಶಸ್ತಿ. ಇದು ಅಳತೆಯ ವಿಜ್ಞಾನಕ್ಕೇ ಮೀಸಲು. ಮಂಡೆಲಿಸ್ ಅವರಿಗೆ ಇದೂ ಸಿಕ್ಕಿದೆ. ಫೋಟೋಥರ್ಮಲ್ ಕಡೆ ಕೆಲಸ ಮಾಡುವ ಭೌತವಿಜ್ಞಾನಿಗಳು ಇದನ್ನು ಮರೆತೇಬಿಡುತ್ತಾರೆ. ಮರೆಯಬಾರದು.

ಆಪ್ಟಿಕ್ಸ್ ಮತ್ತು ಎಂಜಿನಿಯರಿಂಗ್ ಸಂಘಗಳು

ಎಸ್‌ಪಿಐಇ, ಆಪ್ಟಿಕಾ, ಐಇಇಇ. ಈ ಮೂರೂ ದೊಡ್ಡ ಸಂಘಗಳು; ಮೊದಲೆರಡು ಆಪ್ಟಿಕ್ಸ್ ಅಂದರೆ ಬೆಳಕಿನ ವಿಜ್ಞಾನದವು, ಮೂರನೆಯದು ಎಂಜಿನಿಯರ್‌ಗಳದ್ದು. ಆಪ್ಟಿಕಾ ಅಂದರೆ ಮೊದಲು ಓಎಸ್‌ಎ ಅಂತಿದ್ದದ್ದು. ಇವುಗಳ ಪ್ರಶಸ್ತಿಗಳಲ್ಲಿ ನಿಮ್ಮ ಎದುರಾಳಿಗಳು ಫೋಟೋಅಕೌಸ್ಟಿಕ್ ಕ್ಷೇತ್ರದವರು ಮಾತ್ರ ಅಲ್ಲ. ಮೈಕ್ರೋಸ್ಕೋಪಿ, ಫ್ಲೋರೆಸೆನ್ಸ್, ಓಸಿಟಿ (ಬೆಳಕಿನಿಂದ ಅಂಗಾಂಶದ ಪದರಗಳನ್ನು ತೋರಿಸುವ ಸ್ಕ್ಯಾನ್) ಹೀಗೆ ಬೆಳಕಿನಿಂದ ದೇಹ ನೋಡುವವರೆಲ್ಲ ಅದೇ ಸಾಲಿನಲ್ಲಿರುತ್ತಾರೆ.

ಎಸ್‌ಪಿಐಇ ಕೊಡುವ ಬ್ರಿಟನ್ ಚಾನ್ಸ್ ಬಯೋಮೆಡಿಕಲ್ ಆಪ್ಟಿಕ್ಸ್ ಪ್ರಶಸ್ತಿ ದೀರ್ಘಕಾಲ ದುಡಿದವರಿಗೆ ಹೊಂದುತ್ತದೆ. ಆಪ್ಟಿಕಾದ ಮೈಕೆಲ್ ಫೆಲ್ಡ್ ಬಯೋಫೋಟೋನಿಕ್ಸ್ ಪ್ರಶಸ್ತಿಗೆ ವೃತ್ತಿಯ ಇಂಥದೇ ಹಂತದಲ್ಲಿರಬೇಕು ಅನ್ನುವ ಕಟ್ಟುಪಾಡಿಲ್ಲ. ಆದ್ದರಿಂದ ನಡುವಯಸ್ಸಿನವರು ಇದನ್ನು ಗಮನಿಸಬೇಕು. ಆಪ್ಟಿಕಾದ್ದೇ ಸಿ.ಇ.ಕೆ. ಮೀಸ್ ಮೆಡಲ್, ಆಪ್ಟಿಕ್ಸ್ ಬೇರೆ ಶಾಸ್ತ್ರಗಳ ಗಡಿ ದಾಟಿದ ಕೆಲಸವನ್ನು ಹುಡುಕಿ ಕೊಡುವಂಥದು. ಬೆಳಕನ್ನು ಸದ್ದಾಗಿಸುವವರಿಗೆ ಇದಕ್ಕಿಂತ ಒಪ್ಪುವ ಮೆಡಲ್ ಇನ್ನೊಂದಿಲ್ಲ ಅನಿಸುತ್ತದೆ. 2011ರಲ್ಲಿ ಇದು ವಾಂಗ್ ಅವರಿಗೆ ಬಂತು. ಬ್ರಿಟನ್ ಚಾನ್ಸ್, ಫೆಲ್ಡ್, ಐಇಇಇಯ ಬಯೋಮೆಡಿಕಲ್ ಎಂಜಿನಿಯರಿಂಗ್ ಪ್ರಶಸ್ತಿ ಕೂಡ ಅವರ ಪಟ್ಟಿಯಲ್ಲಿವೆ.

ಈ ಗುಂಪಿಗೆ ನಾಮಿನೇಷನ್ ಬೇಕು. ನಿಮ್ಮ ಹೆಸರನ್ನು ನೀವೇ ಕಳಿಸುವ ಹಾಗಿಲ್ಲ. ನಾಮಿನೇಟ್ ಮಾಡುವವರು ಒಬ್ಬರು, ಬೆಂಬಲದ ಪತ್ರ ಬರೆಯುವವರು ಇನ್ನೂ ಕೆಲವರು. ಇಲ್ಲೇ ನಮ್ಮ ಕಡೆಯ ಸಂಶೋಧಕರು ಹಿಂದೆ ಬೀಳುವುದು. ಕೆಲಸ ಚೆನ್ನಾಗಿರುತ್ತದೆ, ಪತ್ರ ಬರೆಸಿಕೊಳ್ಳುವುದಕ್ಕೆ ಸಂಕೋಚ. ಗೈಡ್‌ಗಳನ್ನು ಬಿಟ್ಟು ಬೇರೆಯವರ ಹತ್ತಿರ ಕೇಳುವುದೇ ಇಲ್ಲ. ತೀರ್ಪುಗಾರರಿಗೆ ಗೈಡ್ ಬರೆದ ಪತ್ರಕ್ಕಿಂತ, ನಿಮ್ಮ ವಿಧಾನವನ್ನು ತನ್ನ ಲ್ಯಾಬಿನಲ್ಲಿ ಬಳಸಿ ನೋಡಿದ ಹೊರಗಿನವರ ಪತ್ರ ಹೆಚ್ಚು ತೂಕದ್ದು. ನಿಮ್ಮ ಪೇಪರನ್ನು ಮತ್ತೆ ಮತ್ತೆ ಉಲ್ಲೇಖಿಸುವವರು ಯಾರು ಅಂತ ನೋಡಿ. ಅವರಲ್ಲಿ ಇಬ್ಬರಿಗೆ ಬರೆಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಗೌರವಕ್ಕಿಂತ ಸಂಶೋಧನೆಯ ಹಣ ಮುಖ್ಯವಾದಾಗ

ಕೆಲವು ಪ್ರಶಸ್ತಿಗಳು ಹೆಸರಿಗೆ ಪ್ರಶಸ್ತಿ, ನಿಜಕ್ಕೂ ಸಂಶೋಧನಾ ನಿಧಿ. ಮ್ಯೂನಿಕ್‌ನ ವಾಸಿಲಿಸ್ ನ್ಟ್ಸಿಯಾಕ್ರಿಸ್ಟೋಸ್ ಅವರಿಗೆ 2013ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಪ್ರಶಸ್ತಿ ಬಂತು. ಇದರಲ್ಲಿ 25 ಲಕ್ಷ ಯೂರೋ ತನಕ ಸಂಶೋಧನೆಗೆ ಸಿಗುತ್ತದೆ. ಅವರ ತಂಡದ ಫೋಟೋಅಕೌಸ್ಟಿಕ್ ಚಿತ್ರಣ ಮುಂದೆ ಕ್ರೋನ್ಸ್ ಕಾಯಿಲೆಯಲ್ಲಿ ಕರುಳಿನ ಉರಿಯೂತವನ್ನು ಹೊರಗಿನಿಂದಲೇ ಅಂದಾಜು ಮಾಡುವ ಮಟ್ಟಕ್ಕೆ ಹೋಯಿತು. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿರುವ ಮಿಶೆಲ್ ಒರಿ ಅವರಿಗೆ 2017ರಲ್ಲಿ ಸ್ಪಿನೋಜಾ ಪ್ರಶಸ್ತಿ, ಅದೂ 25 ಲಕ್ಷ ಯೂರೋ. ಒಂಟಿ ಚಿನ್ನದ ನ್ಯಾನೋಕಣವನ್ನು ಅದರ ಬಿಸಿಯಿಂದಲೇ ಕಾಣುವಂತೆ ಮಾಡಿದ 2002ರ ಕೆಲಸದಲ್ಲಿ ಅವರೂ ಇದ್ದರು. 2010ರಲ್ಲಿ ಅವರ ತಂಡ ಅದನ್ನು ಒಂದೇ ಒಂದು ಅಣುವಿನ ತನಕ ಕೊಂಡೊಯ್ದಿತು.

ಇವು ಆ ದೇಶಗಳಲ್ಲಿ ಕೆಲಸ ಮಾಡುವವರಿಗೆ. ಅಲ್ಲಿರುವ ಕನ್ನಡಿಗ ಪೋಸ್ಟ್‌ಡಾಕ್‌ಗಳು, ಹೊಸ ಪ್ರೊಫೆಸರ್‌ಗಳು ಒಂದು ವಿಷಯ ತಿಳಿದಿರಬೇಕು. ಇಲ್ಲಿನ ತೀರ್ಪುಗಾರರು ಹಿಂದಿನ ಕೆಲಸವನ್ನು ನೋಡಿ, ಮುಂದೆ ಈ ಮನುಷ್ಯ ಏನು ಮಾಡಬಲ್ಲ ಅಂತ ಊಹಿಸುತ್ತಾರೆ. ಒಂದೇ ಉಪಕರಣ, ಒಂದೇ ಬಳಕೆ ತೋರಿಸಿದರೆ ಸಾಲದು.

ಭಾರತದಲ್ಲಿ, ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫೋಟೋಅಕೌಸ್ಟಿಕ್ ಚಿತ್ರಣ, ಚಿತ್ರ ಕಟ್ಟುವ ಗಣಿತ ಎರಡರ ಮೇಲೂ ಕೆಲಸ ಆಗಿದೆ. ಮಣಿಪಾಲದಲ್ಲಿ ಫೋಟೋಅಕೌಸ್ಟಿಕ್ ಸ್ಪೆಕ್ಟ್ರೋಸ್ಕೋಪಿಯನ್ನು ರೋಗ ಪತ್ತೆಗೆ ಬಳಸುವ ಸಂಶೋಧನೆ ಇದೆ. ಬೆಳಕು ಮತ್ತು ಅಲ್ಟ್ರಾಸೌಂಡ್ ಒಟ್ಟಿಗೆ ಬರುವ ರಾಮನ್–ನಾಥ್ ಸಿದ್ಧಾಂತವೂ 1930ರ ದಶಕದಲ್ಲಿ ಇದೇ ವಿಜ್ಞಾನ ಸಂಸ್ಥೆಯಿಂದ ಬಂದದ್ದು. ಅದು ಫೋಟೋಅಕೌಸ್ಟಿಕ್ಸ್ ಅಲ್ಲ, ಅಲ್ಲಿ ಸದ್ದು ಬೆಳಕನ್ನು ಬಾಗಿಸುತ್ತದೆ. ಆದರೂ ಈ ಮಣ್ಣಿಗೆ ಈ ವಿಷಯ ಹೊಸದಲ್ಲ ಅನ್ನುವುದಕ್ಕೆ ಹೇಳಿದೆ.

ರಾಷ್ಟ್ರಮಟ್ಟದಲ್ಲಿ ಈಗ ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ಇದೆ, 2024ರಲ್ಲಿ ಮೊದಲ ಸಲ ಕೊಟ್ಟರು. ಅದರಲ್ಲಿ ವಿಜ್ಞಾನ ಯುವ–ಶಾಂತಿ ಸ್ವರೂಪ್ ಭಟ್ನಾಗರ್ ವಿಭಾಗ 45 ವರ್ಷದ ತನಕ. ವಿಜ್ಞಾನ ಟೀಮ್ ಅನ್ನುವ ವಿಭಾಗವೂ ಇದೆ. ಲೇಸರ್ ತಜ್ಞ, ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಗಣಿತದವರು, ಡಾಕ್ಟರು ಎಲ್ಲರೂ ಸೇರದೆ ಒಂದು ಸ್ಕ್ಯಾನರ್ ಆಗುವುದಿಲ್ಲ. ತಂಡದ ಪ್ರಶಸ್ತಿ ಈ ಕ್ಷೇತ್ರಕ್ಕೆ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಎಣಿಕೆ.

ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ ಕೊಡುವ ಇನ್ಫೋಸಿಸ್ ಪ್ರಶಸ್ತಿ ಒಂದು ಲಕ್ಷ ಡಾಲರಿನದು. 2024ರಿಂದ ಅದು 40 ವರ್ಷದೊಳಗಿನವರಿಗೆ. ಇಲ್ಲಿ ಕಷ್ಟ ಇರುವುದು ವಿಭಾಗದ ಆಯ್ಕೆಯಲ್ಲಿ. ಅದೇ ಕೆಲಸವನ್ನು ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್‌ಗೂ ಕಳಿಸಬಹುದು, ಭೌತವಿಜ್ಞಾನಕ್ಕೂ, ಜೀವವಿಜ್ಞಾನಕ್ಕೂ ಕಳಿಸಬಹುದು. ಹೊಸ ಚಿತ್ರ ಕಟ್ಟುವ ವಿಧಾನ ಆದರೆ ಎಂಜಿನಿಯರಿಂಗ್. ಬಿಸಿಯ ಬಗ್ಗೆ ಹೊಸ ಭೌತಶಾಸ್ತ್ರ ಕಂಡಿದ್ದರೆ ಭೌತವಿಜ್ಞಾನ. ಜೀವಕೋಶದ ಬಗ್ಗೆ ಮೊದಲು ಯಾರಿಗೂ ಗೊತ್ತಿಲ್ಲದ್ದು ಸಿಕ್ಕಿದ್ದರೆ ಮಾತ್ರ ಜೀವವಿಜ್ಞಾನ. ಸುಮ್ನೆ ಇಲಿಯ ಮೇಲೆ ಪ್ರಯೋಗ ಮಾಡಿದ್ದೇವೆ ಅಂತ ಅಲ್ಲಿಗೆ ಹೋದರೆ ಗೆಲ್ಲುವುದು ಕಷ್ಟ.

ಕರ್ನಾಟಕದಲ್ಲೇ ಕೆಲಸ ಮಾಡುವವರಿಗೆ ರಾಜ್ಯ ಸರ್ಕಾರದ ಪ್ರಶಸ್ತಿಗಳಿವೆ. ಯುವ ವಿಜ್ಞಾನಿಗಳಿಗೆ ಸರ್ ಸಿ. ವಿ. ರಾಮನ್ ಹೆಸರಿನದು, ಯುವ ಮಹಿಳಾ ವಿಜ್ಞಾನಿಗಳಿಗೆ ಕಲ್ಪನಾ ಚಾವ್ಲಾ ಹೆಸರಿನದು, ಹಿರಿಯರಿಗೆ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನದು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೂತು ಒಳ್ಳೆಯ ಕೆಲಸ ಮಾಡುತ್ತಿರುವವರಿಗೆ ಇವು ಮೊದಲ ಮೆಟ್ಟಿಲು ಆಗಬಹುದು. ಅರ್ಜಿಯಲ್ಲಿ ಕೆಲಸದ ಬಳಕೆ ಎದ್ದು ಕಾಣುವ ಹಾಗೆ ಬರೆಯಿರಿ.

ಯಾರಿಗೆ ಯಾವುದು

ಪಿಎಚ್‌ಡಿ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಪ್ರಶಸ್ತಿಗಿಂತ ಮೊದಲು ಸಮ್ಮೇಳನ ಆರಿಸಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರತಿ ವರ್ಷದ ಶುರುವಿಗೆ ನಡೆಯುವ ಫೋಟೋನಿಕ್ಸ್ ವೆಸ್ಟ್‌ನಲ್ಲಿ 'ಫೋಟಾನ್ಸ್ ಪ್ಲಸ್ ಅಲ್ಟ್ರಾಸೌಂಡ್' ಅಂತ ಒಂದು ಸಮ್ಮೇಳನ ಇದೆ. ಚಿತ್ರಣದ ಕಡೆಯವರೆಲ್ಲ ಸೇರುವುದು ಅಲ್ಲಿ. ವಸ್ತು, ಅನಿಲ, ಸಿದ್ಧಾಂತ, ಬಿಸಿಯ ಅಲೆ ಇಂಥದ್ದರಲ್ಲಿ ಇರುವವರಿಗೆ ಐಸಿಪಿಪಿಪಿ ಹೆಚ್ಚು ಹತ್ತಿರ. ಇಂಥ ಕಡೆ ಉತ್ತಮ ಪೇಪರ್, ಉತ್ತಮ ಪೋಸ್ಟರ್ ಬಹುಮಾನಗಳಿದ್ದರೆ ಬಿಡಬೇಡಿ. ಹಣ ಕಡಿಮೆ ಇರಬಹುದು. ಆದರೆ ನಿಮ್ಮ ಪೋಸ್ಟರ್ ಮುಂದೆ ನಿಂತು ಪ್ರಶ್ನೆ ಕೇಳಿದವರೇ ನಾಳೆ ನಿಮಗೆ ಪತ್ರ ಬರೆದುಕೊಡುವವರು. ಹೋಗಿಬರುವ ಖರ್ಚೇ ದೊಡ್ಡ ತಲೆನೋವು ಅನ್ನುವವರು ಮೊದಲು ಪ್ರಯಾಣದ ನೆರವಿಗೆ ಅರ್ಜಿ ಹಾಕಿ, ಆಮೇಲೆ ಬಹುಮಾನದ ಯೋಚನೆ ಮಾಡಿ.

ಪಿಎಚ್‌ಡಿ ಮುಗಿಸಿ ಸ್ವಂತ ದಾರಿ ಹಿಡಿದವರಿಗೆ ಐಪಿಪಿಎ ಜೂನಿಯರ್ ಪ್ರೈಜ್, ಜೊತೆಗೆ ರಾಜ್ಯದ ಯುವ ಪ್ರಶಸ್ತಿ. ಎರಡೂ ಒಂದಕ್ಕೊಂದು ಅಡ್ಡಿ ಬರುವುದಿಲ್ಲ. ಒಂದರಲ್ಲಿ ವಿಧಾನ ಹೇಳಿ, ಇನ್ನೊಂದರಲ್ಲಿ ಬಳಕೆ ಹೇಳಿ. ಒಂದೇ ಅರ್ಜಿಯನ್ನು ಎರಡು ಕಡೆ ಅಂಟಿಸಬೇಡಿ.

ಆಸ್ಪತ್ರೆಯ ತನಕ ಕೆಲಸ ಮುಟ್ಟಿಸಿದವರು ದೊಡ್ಡ ಸಂಘಗಳಿಗೆ ಹೋಗಬಹುದು. 2021ರ ಜನವರಿಯಲ್ಲಿ ಸ್ತನದ ಗಡ್ಡೆ ನೋಡುವ ಒಂದು ಫೋಟೋಅಕೌಸ್ಟಿಕ್ ಯಂತ್ರಕ್ಕೆ ಔಷಧ ಮತ್ತು ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಇದು ಲ್ಯಾಬಿನ ಆಟ ಮಾತ್ರ ಅಂತ ತೀರ್ಪುಗಾರರು ಇನ್ನು ಹೇಳುವ ಹಾಗಿಲ್ಲ. ರೋಗಿಗಳ ಸಂಖ್ಯೆ, ಹಳೆಯ ಸ್ಕ್ಯಾನಿಗಿಂತ ಎಲ್ಲಿ ವಾಸಿ, ಎಲ್ಲಿ ವಾಸಿ ಅಲ್ಲ, ಇವನ್ನು ನೇರವಾಗಿ ಬರೆಯಿರಿ.

ಫೋಟೋಥರ್ಮಲ್ ಚಿಕಿತ್ಸೆಯವರ ದಾರಿ ಸ್ವಲ್ಪ ಬೇರೆ. ಚಿನ್ನದ ನ್ಯಾನೋಕಡ್ಡಿಗಳಿಂದ ಕ್ಯಾನ್ಸರ್ ಕೋಶ ಸುಡುವ ಕೆಲಸದಲ್ಲಿ ಹೆಸರಾದ ಮುಸ್ತಫಾ ಎಲ್-ಸಯ್ಯದ್ ಅವರಿಗೆ 2007ರ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಬಂದದ್ದು ನ್ಯಾನೋವಸ್ತುಗಳ ಕೆಲಸಕ್ಕೆ. ಈ ದಾರಿಯಲ್ಲಿ ಇರುವವರಿಗೆ ರಸಾಯನಶಾಸ್ತ್ರ ಮತ್ತು ವಸ್ತುವಿಜ್ಞಾನದ ಪ್ರಶಸ್ತಿಗಳೇ ಹೆಚ್ಚು ಹತ್ತಿರ. ಕಣವನ್ನು ತಯಾರಿಸಿದ್ದು ನೀವೇ ಆದರೆ ಅಲ್ಲಿಗೆ ಹೋಗಿ. ಬೇರೆಯವರ ಕಣ ತಂದು ಬಿಸಿ ಅಳೆಯುವ ಹೊಸ ದಾರಿ ಮಾಡಿದ್ದರೆ ಮತ್ತೆ ಐಪಿಪಿಎ ಕಡೆಗೇ ಬನ್ನಿ.

ಕೊನೆಗೆ ದಿನಾಂಕದ ವಿಷಯ. ಫೋಟೋನಿಕ್ಸ್ ವೆಸ್ಟ್ ವರ್ಷವೂ ಬರುತ್ತದೆ, ಒಂದು ತಪ್ಪಿದರೆ ಮುಂದಿನದು ಸಿಗುತ್ತದೆ. ಐಸಿಪಿಪಿಪಿ ಹಾಗಲ್ಲ. ಒಂದು ಸಲ ತಪ್ಪಿದರೆ ಎರಡು ವರ್ಷ ಕಾಯಬೇಕು, ಅಷ್ಟರಲ್ಲಿ ಕಿರಿಯರ ವಿಭಾಗದ ಮಿತಿ ದಾಟಿರಬಹುದು. ವಯಸ್ಸಿನ ಮಿತಿ ಇರುವ ಪ್ರಶಸ್ತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವುದರ ಬಾಗಿಲು ಮೊದಲು ಮುಚ್ಚುತ್ತದೋ ಅದನ್ನು ಮೇಲಿಡಿ. ಪತ್ರ ಬರೆದುಕೊಡುವವರಿಗೆ ಕೊನೇ ದಿನಕ್ಕಿಂತ ಎರಡು ತಿಂಗಳು ಮೊದಲೇ ಹೇಳಿ. ಜೊತೆಗೆ ನಿಮ್ಮ ಮುಖ್ಯವಾದ ಮೂರು ಪೇಪರ್ ಮತ್ತು ಪ್ರತಿಯೊಂದರಲ್ಲೂ ಹೊಸದೇನು ಅನ್ನುವ ಎರಡೆರಡು ಸಾಲು ಕಳಿಸಿ.